ಬಸರಿ ಮಾತಿನ ಅಕ್ಕಾರು

ಬ್ಯಾಡಗಿಯ ನಮ್ಮ ಓಣಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ದೊಡ್ಡವರಿಗೆ ಅವರು ಅಂಗಡಿ ಅಕ್ಕಾರು, ಸಾಲಿಗೆ ಹೋಗುವ ಮಕ್ಕಳಿಗೆ ಪಾಟಿ ಅಕ್ಕಾರು. ಅವರ ಕಿರಾಣಿ ಅಂಗಡಿಯ ಬಾಗಿಲ ಚೌಕಟ್ಟಿಗೆ ಒಂದು ಪಾಟಿ, ಅಂದರೆ ಹಳೆಯ ಕಾಲದ ಕಲ್ಲಿನ ಸ್ಲೇಟು, ತೂಗುಬಿದ್ದಿರುತ್ತಿತ್ತು. ಬೇರೆಯವರಾಗಿದ್ದರೆ ಅದರ ಮೇಲೆ ತೊಗರಿಬೇಳೆಯ ದರ ಬರೆಯುತ್ತಿದ್ದರೇನೋ. ನಾನು ಮೊದಲ ಸಲ ನೋಡಿದ ದಿನ ಅದರ ಮೇಲೆ ಹೀಗಿತ್ತು: ‘ಅಕ್ಕಿಯ ಹೊಟ್ಟಿಯೊಳಗ ವಲ. ಏನದು?’

ನಾನು ಆಗ ಆ ಓಣಿಗೆ ಹೊಸಬಳು. ಅವರ ಪಕ್ಕದ ಖೋಲಿ ಬಾಡಿಗೆಗೆ ಹಿಡಿದು ಬ್ಲೌಸು ಹೊಲಿಯುವ ಅಂಗಡಿ ಇಟ್ಟಿದ್ದೆ. ಸೂಜಿ ಮುರಿದ ಸಿಟ್ಟಿನಲ್ಲಿ ಚಹಾಪುಡಿಗೆಂದು ಹೋದವಳು ಪಾಟಿ ಓದಿ ತಿದ್ದಲು ಹೊರಟೆ.

“ಅಕ್ಕಾರ, ತಪ್ಪು ಬರದೀರಿ. ವಲ ಅಲ್ರಿ, ಹೊಲ.”

ಅವರು ತಕ್ಕಡಿಯಿಂದ ತಲೆ ಎತ್ತಲಿಲ್ಲ. “ನಿಮ್ಮಜ್ಜಿ ಏನಂತಿದ್ಲು?”

“ವಲ ಅಂತಿದ್ಲು.”

“ಹಂಗಾರ ನಿಮ್ಮಜ್ಜಿ ಬಾಯಿಲೆ ಓದು. ಪುಸ್ತಕದ ಬಾಯಿಲೆ ಓದಿದ್ರ ಸಿಗೂದಿಲ್ಲ.”

ನನ್ನಜ್ಜಿ ನನಗೆ ಮಾತು ಕಲಿಸಿದವಳು. ಅವಳ ಬಾಯಿಗೆ ಹೊಲವೆಂಬುದು ಕೊನೆಯವರೆಗೂ ವಲವೇ. ನಾನು ಚಹಾಪುಡಿ ಹಿಡಿದು ಅಲ್ಲೇ ನಿಂತೆ. ಅಕ್ಕಿಯನ್ನು ‘ಅ’ ಮತ್ತು ‘ಕ್ಕಿ’ ಎಂದು ಒಡೆದು ನಡುವೆ ವಲವನ್ನು ಕೂಡಿಸಿದಾಗ ಹೊಳೆಯಿತು. ಅವಲಕ್ಕಿ! ಕೂಗಿಯೇಬಿಟ್ಟೆ. ಅಕ್ಕಾರು ನನ್ನನ್ನು ನೋಡಿದ ರೀತಿ ನಾನು ಎಣಿಸಿದಂತಿರಲಿಲ್ಲ. ಕೈಯಲ್ಲಿದ್ದ ಹಾಲಿನ ಚೆಂಬನ್ನು ಯಾರೋ ತಟ್ಟಿ ಕೆಡವಿದರೆ ನೋಡುತ್ತಾರಲ್ಲ, ಹಾಗೆ. ಆಮೇಲೆ ಬೇಗ ಒಳಬಾಗಿಲ ಪರದೆಯ ಕಡೆ ತಿರುಗಿದರು.

ಈ ಆಟದ ಹೆಸರು ‘ಬಸರಿ ಮಾತು’. ಇಟ್ಟದ್ದು ಅವರಲ್ಲ, ಅವರ ತಾಯಿ. ಹೊಸರಿತ್ತಿಯ ತವರಿನ ಅಂಗಳದಲ್ಲಿ ಹೆಂಗಸರೆಲ್ಲ ಸುತ್ತ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುವಾಗ, ಘಾಟಿಗೆ ಕಣ್ಣು ಮೂಗು ಸುರಿಯುತ್ತಿದ್ದರೂ ಬಾಯಿ ಬಿಡುವಾಗಿರುತ್ತದಲ್ಲ, ಆಗ ಆಡುತ್ತಿದ್ದರಂತೆ. “ಒಂದು ಮಾತಿನ ಹೊಟ್ಟ್ಯಾಗ ಇನ್ನೊಂದು ಸಣ್ಣ ಮಾತು ಕುಂದ್ರಿಸಬೇಕು. ಆಗ ಹೊಸಾ ಮಾತು ಹುಟ್ಟತೈತಿ. ಬಸರಿ ಅನ್ನೂದ ಒಂದು ಬಸರಿ ಮಾತು ನೋಡವಾ. ಬರಿ ಹೊಟ್ಟ್ಯಾಗ ‘ಸ’ ಬಂದ್ರ ಬಸರಿ.” ಹೇಳುವಾಗ ಅವರ ಮುಖದಲ್ಲಿ ಹುಡುಗಿಯೊಬ್ಬಳು ಬಂದು ಹೋಗುತ್ತಿದ್ದಳು. ಬಂದಷ್ಟೇ ಬೇಗ ಹೋಗುತ್ತಿದ್ದಳು.

ಏಕೆಂದರೆ ಅಕ್ಕಾರು ಹೆದರುಪುಕ್ಕಿ. ಇದನ್ನು ಪ್ರೀತಿಯಿಂದಲೇ ಹೇಳುತ್ತಿದ್ದೇನೆ. ಅಂಗಡಿಗೆ ಬೀಗ ಹಾಕಿ ಜಗ್ಗಿ ನೋಡುವರು, ಓಣಿಯ ತಿರುವಿನ ತನಕ ಹೋಗಿ ಮತ್ತೆ ಬಂದು ಜಗ್ಗುವರು. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಯಲ್ಲಿ ಕೆಮ್ಮದ ಮನುಷ್ಯ ಯಾರಿದ್ದಾರೆ? ಆದರೂ ಒಳಗಿನಿಂದ ಒಂದು ಕೆಮ್ಮು ಕೇಳಿದರೆ ಸಕ್ಕರೆ ತೂಗುತ್ತಿದ್ದ ಕೈ ಅರ್ಧಕ್ಕೆ ನಿಲ್ಲುತ್ತಿತ್ತು. ಗಿರಾಕಿ “ಅಕ್ಕಾರ, ಸಕ್ಕರಿ” ಎನ್ನಬೇಕು, ಆಗ “ಹಾಂ, ಹಾಂ” ಎಂದು ಉಪ್ಪು ತೂಗಿಕೊಡುವರು.

ಒಳಗಿದ್ದವರು ಅವರ ಯಜಮಾನರು. ಊರಿಗೆಲ್ಲ ಅವರು ಸಾವಕಾರ್ರು, ನನಗೆ ಕಾಕಾ. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಕಿಸೆಯಲ್ಲಿ ಪೆನ್ನು. ಮೊದಲು ದುಡ್ಡಿನ ಗಲ್ಲೆಯ ಮೇಲೆ ಕೂಡುತ್ತಿದ್ದವರು ನಾನು ಬರುವ ಹೊತ್ತಿಗೆ ಪರದೆಯ ಆಚೆ, ಬೆಲ್ಲದ ಪೆಂಟಿಗಳ ಪಕ್ಕ ಕುರ್ಚಿ ಹಾಕಿಕೊಂಡಿದ್ದರು. ವ್ಯಾಪಾರ ಸಾಕಾಗಿರಬೇಕು ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಮೆಣಸಿನಕಾಯಿ ದಲಾಲರೊಬ್ಬರು ಅಡಿಕೆ ಕೊಳ್ಳಲು ಬಂದು ಪಾಟಿ ಓದಿದರು. ‘ಸತಿಯ ಹೊಟ್ಟಿಯೊಳಗ ವ ಬಂತು. ಯಾರು ಬಂದ್ರು?’

“ವಕೀಲ ಬಂದಿರಬೇಕ್ರಿ ಅಕ್ಕಾರ. ಗಂಡ ಹೆಂಡ್ತಿ ನಡುವ ಮತ್ಯಾರು ಬರ್ತಾರ?”

“ನೀವು ಹೇಳಬ್ಯಾಡ್ರಿ, ಮನಿಗೆ ಹೋಗಿ ನಿಮ್ಮವ್ರನ್ನ ಕೇಳ್ರಿ. ತಟ್ಟನೆ ಹೇಳ್ತಾರ.”

“ನಮ್ಮಾಕೀನ್ನ ಕೇಳಿದ್ರ ಲಟ್ಟಣಿಗಿ ತಗೋತಾಳ್ರಿ!”

ನಾವೆಲ್ಲ ನಗುತ್ತಿದ್ದೆವು. ಅಕ್ಕಾರು ಬಾಯಿಂದ ನಗಿಸುತ್ತಿದ್ದರೂ ಕಣ್ಣು ಪರದೆಯ ಮೇಲಿತ್ತು. ಬೆರಳು ತಾಳಿಯನ್ನು ತಿರುಗಿಸುತ್ತಲೇ ಇತ್ತು. ಬಹಳ ಹೊತ್ತಿನ ಮೇಲೆ, ದಲಾಲರು ಅಡಿಕೆ ಬಾಯಿಗೆ ಹಾಕಿಕೊಂಡು ಮೆಟ್ಟಿಲು ಇಳಿದಾದ ಮೇಲೆ, ಒಳಗಿನಿಂದ ಒಂದು ದಪ್ಪ ದನಿ ಬಂತು. “ಸವತಿ.”

ಅಕ್ಕಾರ ಭುಜ ಇಳಿಯಿತು. “ನೋಡು, ನಿನಗೇನ ಬೇಕಿತ್ತು?” ಎಂದು ನನ್ನನ್ನು ಆಗಷ್ಟೇ ಕಂಡವರಂತೆ ಕೇಳಿದರು.

ಗಂಡಹೆಂಡಿರ ಸರಸ ಎಂದೇ ನಾನು ತಿಳಿದದ್ದು. ಆದರೆ ಒಂದು ದಿನ ಹೈಸ್ಕೂಲಿನ ಹುಡುಗಿಯೊಬ್ಬಳು ಸೈಕಲ್ಲಿನಿಂದ ಇಳಿಯದೆಯೇ ಪಾಟಿಯ ಉತ್ತರ ಕೂಗಿದಾಗ ಅಕ್ಕಾರು ಸಿಡಿದುಬಿದ್ದರು. “ನಿನ್ನ ಯಾರ ಕೇಳಿದ್ರು? ಓದು, ಬಾಯಿ ಮುಚ್ಚಿಕೊಂಡು ಸಾಲಿಗೆ ನಡಿ!” ಹುಡುಗಿಯ ಕಣ್ಣಲ್ಲಿ ನೀರು ಬಂತು. ಒಗಟು ಬರೆದು ಬಾಗಿಲಿಗೆ ಕಟ್ಟುವುದು, ಬಿಡಿಸಿದವರನ್ನು ಬೈಯುವುದು, ಇದೆಂಥ ಆಟ? ಸಂಜೆ ಆ ಹುಡುಗಿಯನ್ನು ಕರೆದು ಶೇಂಗಾ ಚಿಕ್ಕಿ ಕೊಟ್ಟರು, ಕಾರಣ ಮಾತ್ರ ಹೇಳಲಿಲ್ಲ.

ಕಾರಣ ನನಗೆ ಗೊತ್ತಾದದ್ದು ಒಂದು ಮಧ್ಯಾಹ್ನ. ಅವರ ಕಟ್ಟೆಯ ಮೇಲೆ ಕೂತು ಗುಂಡಿ ಹಚ್ಚುತ್ತಿದ್ದೆ. ಪರದೆ ಸರಿಸಿ ಕಾಕಾ ಹೊರಗೆ ಬಂದು, ಬಹಳ ಮರ್ಯಾದೆಯಿಂದ, ಪರವೂರಿನವರನ್ನು ಕೇಳುವಂತೆ ಹೆಂಡತಿಯನ್ನು ಕೇಳಿದರು: “ಯವ್ವಾ, ಈ ಮನಿ ಯಾರ್ದ್ರಿ?”

ಅಕ್ಕಾರ ಕೈಯಲ್ಲಿ ತಕ್ಕಡಿಯ ಬಟ್ಟಲಿತ್ತು. ಅದು ಕೆಳಗೆ ಬೀಳಲಿಲ್ಲ, ಆದರೆ ಅದರೊಳಗಿನ ಕಡಲೆಬೇಳೆ ಸಣ್ಣಗೆ ಸದ್ದು ಮಾಡತೊಡಗಿತು. “ನಿಮ್ಮದರಿ,” ಎಂದರು. “ಹೌದಾ? ಚಲೋ ಐತಿ,” ಎಂದು ಅವರು ಒಳಗೆ ಹೋದರು.

ಆಮೇಲೆ ಅಕ್ಕಾರು ನನಗೆ ಹೇಳಿದರು. ಮರೆವಿನ ರೋಗ, ಹೆಚ್ಚಾಗುತ್ತ ಹೋಗುವಂಥದ್ದು ಎಂದು ಡಾಕ್ಟರು ಹೇಳಿ ಬಹಳ ದಿನವಾಗಿತ್ತು.

“ದಿನಾ ಮುಂಜಾನೆ ಒಂದು ಕೇಳ್ತೇನಿ ತಂಗಿ. ಹೇಳಿದ್ರ, ಇವತ್ತಿನ ಮಟ್ಟಿಗೆ ಅದಾರ ಅಂತ ಸಮಾಧಾನ. ಹೇಳದಿದ್ರ...” ಕಡಲೆಬೇಳೆಯನ್ನು ಮತ್ತೆ ಡಬ್ಬಿಗೆ ಸುರಿದರು.

“ಅದನ್ನ ಪಾಟಿ ಮ್ಯಾಲೆ ಯಾಕ ಬರೀತೀರಿ? ನೇರ ಕೇಳಬಾರದಾ?”

“ನೇರ ಕೇಳಿದ್ರ ಸಿಟ್ಟು. ‘ನನ್ನೇನ ಪರೀಕ್ಷಾ ಮಾಡ್ತೀ?’ ಅಂತಾರ. ಖರೇನ ಪರೀಕ್ಷಾನ ಅಲ್ಲಾ ಅದು? ಅದಕ್ಕ ಓಣಿಗೆ ಕೇಳಿದಂಗ ಮಾಡ್ತೇನಿ. ಮಂದಿ ಪಾಟಿ ಓದೂದು ಒಳಗ ಕೇಳಸ್ತೈತಿ. ನೀವು ಲಗೂ ಹೇಳಿಬಿಟ್ರ ನನಗ ಅವತ್ತು ಗೊತ್ತ ಆಗೂದಿಲ್ಲ. ದಿನಾ ಪೂರ್ತಿ ಎದಿ ಹೊಡಕೋತೈತಿ.”

ಅಂದಿನಿಂದ ನನಗೂ ಆ ರೋಗ ಹತ್ತಿತು. ಮರೆವಿನದಲ್ಲ, ಕಾಯುವುದರದು. ಬೆಳಿಗ್ಗೆ ಪಾಟಿ ಮೇಲೇರಿದ ಕೂಡಲೆ ನನ್ನ ಮಷಿನ್ನಿನ ಗಾಲಿ ತಾನೇ ನಿಧಾನವಾಗುತ್ತಿತ್ತು. ದಪ್ಪ ದನಿ ಕೇಳಿದ ಮೇಲೆಯೇ ಕಾಲು ಪೆಡಲ್ ಒತ್ತುತ್ತಿತ್ತು. ನಾನು ಯಾರಿಗೂ ಹೇಳಲಿಲ್ಲವಾದರೂ ಓಣಿಗೆ ಹೇಗೋ ತಿಳಿಯಿತು. ಆಮೇಲೆ ನೋಡಬೇಕಿತ್ತು ಅಲ್ಲಿಯ ಮಂದಿಯನ್ನು. ಓದುವುದು ಮಾತ್ರ ಗಟ್ಟಿಯಾಗಿ, ಒಳಗೆ ಕೇಳುವ ಹಾಗೆ. ಆಮೇಲೆ ಎಣ್ಣೆ ಬಾಟಲಿ ಹಿಡಿದವರು, ಬೆಂಕಿಪೊಟ್ಟಣ ಕೊಂಡವರು, ಎಲ್ಲರೂ ಉತ್ತರವನ್ನು ಬಾಯೊಳಗೆ ಇಟ್ಟುಕೊಂಡು, ಇಲ್ಲದ ನೆಪ ಹೂಡಿ ನಿಲ್ಲುವುದು. ಒಮ್ಮೆ ಬಿಸ್ಕೀಟು ಕಂಪನಿಯ ಹುಮ್ಮಸ್ಸಿನ ಏಜೆಂಟನೊಬ್ಬ ‘ಕಾದ ಹೊಟ್ಟಿಯೊಳಗ ಗ’ ಎಂಬುದನ್ನು ಓದಿ “ಕಾಗದ!” ಎಂದುಬಿಟ್ಟ. ಅಂಗಡಿಯಲ್ಲಿದ್ದವರೆಲ್ಲ ಅವನತ್ತ ತಿರುಗಿದರು. ಪಾಪ, ತಾನು ಯಾವ ತಪ್ಪು ಮಾಡಿದೆನೆಂದು ತಿಳಿಯದೆ ಅವನು ಆರ್ಡರು ಬರೆದುಕೊಳ್ಳುವುದನ್ನೂ ಬಿಟ್ಟು ಹೋದ.

ಉತ್ತರ ಬರುವುದು ತಡವಾಗುತ್ತ ಹೋಯಿತು. ಮೊದಲು ಎರಡು ಗಿರಾಕಿ ಬಂದು ಹೋಗುವಷ್ಟು ಹೊತ್ತು, ಆಮೇಲೆ ಬಿಸಿಲು ಮೆಟ್ಟಿಲೇರುವಷ್ಟು. ಅಕ್ಕಾರು ಸುಲಭದ ಒಗಟು ಹುಡುಕತೊಡಗಿದರು. ಸುಲಭದ್ದು ಬರೆದ ದಿನ ಅವರ ಮುಖ ಇನ್ನಷ್ಟು ಸಣ್ಣದಾಗಿರುತ್ತಿತ್ತು. ಅದಕ್ಕೂ ಉತ್ತರ ಬರದಿದ್ದರೆ ಎಂಬ ಹೆದರಿಕೆ ಬೇರೆ.

ರಾಣೇಬೆನ್ನೂರಿನ ಸಂಗತಿ ಹೇಳದೆ ಅವರ ಚಿತ್ರ ಪೂರ್ತಿಯಾಗದು. ಲೈನಿಂಗ್ ಬಟ್ಟೆ ತರಲು ನಾನು ಹೊರಟಿದ್ದೆ. ಕಾಕಾನನ್ನು ಅಲ್ಲಿನ ಡಾಕ್ಟರಿಗೆ ತೋರಿಸಲು ಅವರೂ ಹೊರಟರು. ಡಾಕ್ಟರು ನೋಡಿದ್ದಾಯಿತು, ಚೀಟಿ ಬರೆದದ್ದಾಯಿತು. ಆ ಚೀಟಿಯನ್ನು ಕಾಕಾ ಎದೆಕಿಸೆಯಲ್ಲಿ ಪೆನ್ನಿನ ಪಕ್ಕ ಇಟ್ಟುಕೊಂಡರು. ಮಧ್ಯಾಹ್ನ ಬಸ್ ಸ್ಟ್ಯಾಂಡಿಗೆ ಬಂದೆವು. ಕಾಕಾನನ್ನು ಕಲ್ಲಿನ ಬೆಂಚಿನ ಮೇಲೆ ಕೂಡಿಸಿ, ಬ್ಯಾಡಗಿ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೇಳಲು ಅಕ್ಕಾರು ಹೋದರು. ಅಷ್ಟರಲ್ಲಿ ಬಸ್ಸು ಬಂತು. ಸೀಟು ಹಿಡಿಯಲು ಕಿಟಕಿಯಿಂದ ಚೀಲ ಹಾಕಿ ನಾನು ಹಿಂದಿರುಗಿ ನೋಡುತ್ತೇನೆ, ಬೆಂಚಿನ ಮೇಲೆ ಬೇರೆ ಯಾರೋ ಕೂತು ಬಾಳೆಹಣ್ಣು ತಿನ್ನುತ್ತಿದ್ದಾರೆ.

ಅಕ್ಕಾರು ಬಂದರು. ಬೆಂಚು ನೋಡಿದರು, ನನ್ನನ್ನು ನೋಡಿದರು. ಸೀರೆ ಎತ್ತಿ ಹಿಡಿದು ಓಡಿದರು. ಅವರು ಓಡಿದ್ದನ್ನು ನಾನು ಮೊದಲ ಸಲ ನೋಡಿದ್ದು.

ಕುಪ್ಪೇಲೂರು ಬಸ್ಸು ಹೊರಡಲು ಹಾರ್ನ್ ಹಾಕುತ್ತಿತ್ತು. ಹಾವೇರಿಯದು ಹಿಂದಕ್ಕೆ ಸರಿಯುತ್ತಿತ್ತು. ಹುಬ್ಬಳ್ಳಿಯದು ಗೇಟು ದಾಟುತ್ತಿತ್ತು. ಯಾವುದನ್ನು ತಡೆಯುವುದು? ಒಂದೊಂದು ಬಸ್ಸಿನ ಕಿಟಕಿಗೂ ಅವರು ಕತ್ತೆತ್ತಿ ಇಣುಕುತ್ತಿದ್ದರು, ಆದರೆ ಯಾರನ್ನೂ ಕೂಗುತ್ತಿರಲಿಲ್ಲ. ಕೂಗುವುದಾದರೂ ಏನೆಂದು? ಗಂಡನ ಹೆಸರು ಬಾಯಲ್ಲಿ ತರಬಾರದೆಂಬುದು ನಮ್ಮ ಕಡೆಯ ಹಳೆಯ ಹೆಂಗಸರಿಗೆ ಇನ್ನೂ ಇದೆ. ಮದುವೆ ಮನೆಗಳಲ್ಲಿ ಒಡಪು ಕಟ್ಟಿ ಅದರೊಳಗೆ ಹೆಸರು ಸೇರಿಸಿ ಹೇಳುವುದುಂಟು, ಅಕ್ಕಾರು ಅದರಿಂದಲೂ ತಪ್ಪಿಸಿಕೊಂಡು ಅಡುಗೆಮನೆ ಸೇರುವವರು. “ರೀ... ರೀ...” ಎಂದಷ್ಟೇ ಅನ್ನುತ್ತಿದ್ದರು. ಬಸ್ ಸ್ಟ್ಯಾಂಡಿನ ತುಂಬ ಯಾರ ಗಂಡನೂ ಆಗಬಹುದಾದ “ರೀ”.

ಅವರ ಕೈ ಹಿಡಿದು ಕಂಟ್ರೋಲರ ಕಿಟಕಿಗೆ ಎಳೆದುಕೊಂಡು ಹೋದೆ. ಮೈಕಿನ ಮುಂದಿದ್ದ ಕಂಟ್ರೋಲರ ಕೇಳಿದರು, “ಹೆಸರೇನ್ರಿ ಯಜಮಾನ್ರದು?”

ಅಕ್ಕಾರು ನನ್ನ ಮುಖ ನೋಡಿದರು. ನಾನೇನು ಹೇಳಲಿ? ನನಗೆ ಗೊತ್ತಿದ್ದದ್ದು ಸಾವಕಾರ್ರು, ಕಾಕಾ, ಅಷ್ಟೇ. ಹೆಸರಿದ್ದ ಚೀಟಿ ಅವರ ಕಿಸೆಯಲ್ಲಿಯೇ ಹೋಗಿತ್ತು.

“ಲಗೂ ಹೇಳ್ರಿ ಯವ್ವಾ, ಬಸ್ಸು ಹೊಂಡಾಕತ್ತಾವು.”

ಅಕ್ಕಾರು ತಲೆಯ ಮೇಲೆ ಸೆರಗು ಎಳೆದುಕೊಂಡು, ನೆಲ ನೋಡುತ್ತ ಹೇಳಿದರು: “ಅಪ್ಪನ ಹೊಟ್ಟಿಯೊಳಗ ರಸ ಐತ್ರಿ.”

ಕಂಟ್ರೋಲರ ಮೈಕಿನ ಮೇಲಿಟ್ಟ ಕೈ ಹಿಂದೆಗೆದರು. “ಕುಡದಾರೇನ್ರಿ? ಮೊದಲ ಹೇಳಬಾರದಾ? ಹಿಂದ ಸಂಡಾಸದ ಕಡೆ ನೋಡ್ರಿ, ಅಲ್ಲೇ ಎಲ್ಲೆರ ಬಿದ್ದಿರ್ತಾರ.”

“ಅಯ್ಯ, ಅವರು ಎಲಿ ಅಡಕಿ ಸೈತ ಮುಟ್ಟಿದವರಲ್ಲರಿ!” ಅಕ್ಕಾರ ದನಿ ಒಡೆಯಿತು.

“ನೀವ ಅಂದ್ರೆಲ್ಲ, ಹೊಟ್ಟಿಯೊಳಗ ರಸ ಐತಿ ಅಂತ?”

ಸರತಿಯಲ್ಲಿದ್ದವರು ನಗತೊಡಗಿದರು. ನಾನು ಇಷ್ಟು ದಿನ ಪಾಟಿ ಓದಿದ್ದು ವ್ಯರ್ಥವಾಗಲಿಲ್ಲ. ಅಪ್ಪನನ್ನು ಒಡೆದು ನಡುವೆ ರಸವನ್ನು ಕೂಡಿಸಿದೆ. ಅ, ರಸ, ಪ್ಪ.

“ಅರಸಪ್ಪ! ಅರಸಪ್ಪ ಅನ್ರಿ ಸರ, ಬ್ಯಾಡಗಿ ಅರಸಪ್ಪ!”

ಅಕ್ಕಾರು ಕಿವಿ ಮುಚ್ಚಿಕೊಂಡಂತೆ ಸೆರಗನ್ನು ಇನ್ನಷ್ಟು ಎಳೆದರು. ಮೈಕು ಕೂಗಿತು. ಬ್ಯಾಡಗಿಯ ಅರಸಪ್ಪ ಎಂಬುವವರು ಎಲ್ಲಿದ್ದರೂ ಕಂಟ್ರೋಲರ ಕೋಣೆಯ ಹತ್ತಿರ ಬರಬೇಕು. ಯಾರೂ ಬರಲಿಲ್ಲ. ಮ್ಯಾಲಿಂದ ಮ್ಯಾಲೆ ಕೂಗಿದರು. ಬಸ್ಸುಗಳು ತುಂಬಿ ಹೊರಡುತ್ತಲೇ ಇದ್ದವು.

ಆಗ ಅಕ್ಕಾರು ಸೆರಗು ಸರಿಸಿ, “ನನ್ನ ಕೈಯಾಗ ಕೊಡ್ರಿ ಅದನ್ನ” ಎಂದರು. ಕಿಟಕಿಯ ಸರಳಿನ ಸಂದಿಯಿಂದ ಮೈಕನ್ನು ಹಿಡಿದ ಅವರ ಕೈಬಳೆಗಳ ಸದ್ದೂ ಲೌಡ್‌ಸ್ಪೀಕರಿನಲ್ಲಿ ಕೇಳಿಸುತ್ತಿತ್ತು. ಮದುವೆಯಾದಂದಿನಿಂದ ಬಾಯಲ್ಲಿ ಬಾರದ ಹೆಸರನ್ನು ಅವರು ಇಡೀ ರಾಣೇಬೆನ್ನೂರಿಗೆ ಕೇಳುವ ಹಾಗೆ ಹೇಳಿದರು. “ಅರಸಪ್ಪ... ಅರಸಪ್ಪ, ನಾ ಇಲ್ಲೇ ಅದೇನಿ. ಬರ್ರಿ.”

ಯಾರೂ ಬರಲಿಲ್ಲ.

ಅವರ ಮುಖ ಆಗ ಹೇಗಿತ್ತೆಂದರೆ, ಇದ್ದ ದೊಡ್ಡ ಒಡವೆಯನ್ನೂ ಬಿಚ್ಚಿ ಕೊಟ್ಟಾಯಿತು, ಆದರೂ ಬಾಗಿಲು ತೆರೆಯಲಿಲ್ಲ ಎಂಬಂತೆ. ಕಂಟ್ರೋಲರ ಮೈಕು ಇಸಿದುಕೊಳ್ಳಲು ಕೈ ಚಾಚಿದರು. ಅವರು ಕೊಡಲಿಲ್ಲ. ಉಸಿರೆಳೆದು, ಅಂಗಡಿಯಲ್ಲಿ ಮಾತನಾಡುವ ದನಿಯಲ್ಲೇ, ಕೇಳಿದರು.

“ರೀ, ಅಪ್ಪನ ಹೊಟ್ಟಿಯೊಳಗ ರಸ. ಏನ್ರಿ ಅದು?”

ಸ್ಟ್ಯಾಂಡಿನಲ್ಲಿ ನಗೆ ಎದ್ದಿತು. ಯಾರೋ “ಸೊಂಟದಾಗ ಬಾಟ್ಲಿ!” ಎಂದು ಕೂಗಿದರು. ಆ ನಗೆಯ ನಡುವಿನಿಂದ, ಕುಪ್ಪೇಲೂರು ಬಸ್ಸಿನ ಹಿಂದಿನಿಂದ, ಬಿಳಿ ಅಂಗಿಯ ಎತ್ತರದ ಆಳೊಬ್ಬರು ಕೈ ಎತ್ತಿ ಬರುತ್ತಿದ್ದರು.

“ಅರಸಪ್ಪ! ಉತ್ತರ ಅರಸಪ್ಪ!” ಕಾಕಾ ಹತ್ತಿರ ಬಂದರು. ಹಣೆಯೆಲ್ಲ ಬೆವರು. “ಎಲ್ಲಿ ಹೋಗಿದ್ದಿ ನೀನು? ಯಾರೋ ಅರಸಪ್ಪ ಅನ್ನಾವ ಕಳದಾನಂತ, ಆಗಿಂದ ಕೂಗಾಕತ್ತಾರ. ಪಾಪ, ಅವನ ಹೇಣ್ತಿ ಅಳಾಕತ್ತಾಳ. ನಾನೂ ಹುಡುಕಾಕತ್ತೇನಿ, ಸಿಗವಲ್ಲ.”

ಕಂಟ್ರೋಲರ ಮೈಕು ಆರಿಸಿದರು. ಅಕ್ಕಾರು ಗಂಡನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. “ಸಿಕ್ಕಾನ ನಡೀರಿ,” ಎಂದರು.

ಬ್ಯಾಡಗಿಗೆ ಬರುವಾಗ ಬಸ್ಸಿನಲ್ಲಿ ಕಾಕಾ ಕಿಟಕಿಯ ಪಕ್ಕ, ಅಕ್ಕಾರು ನಡುವೆ, ನಾನು ಈಚೆ ಅಂಚಿಗೆ. ತೋಳು ಹಿಡಿದ ಮುಷ್ಟಿ ಬಿಟ್ಟಿರಲಿಲ್ಲ. ಕದರಮಂಡಲಗಿ ಬಂತು. ಹನುಮಪ್ಪನ ಗುಡಿಯ ಕಡೆ ಬಸ್ಸಿನವರೆಲ್ಲ ಕೈಮುಗಿದರು. ಅಕ್ಕಾರು ಮುಗಿಯಲಿಲ್ಲ, ಗಂಡನ ಕಡೆ ತಿರುಗಿ, ನೇರವಾಗಿ, ಒಗಟಿಲ್ಲದೆ ಕೇಳಿದರು.

“ನನ್ನ ಹೆಸರೇನ್ರಿ?”

ನನಗೆ ಈ ಪ್ರಶ್ನೆ ಬೇಡವಾಗಿತ್ತು ಎನಿಸಿತು. ಕಾಕಾ ಹೆಂಡತಿಯನ್ನು ನೋಡಿದರು, ಅವರ ಆಚೆ ನನ್ನನ್ನು ನೋಡಿದರು.

“ಎಂಥಾ ಪ್ರಶ್ನಿ ಇದು? ಮಂದ್ಯಾಗ ಹೇಣ್ತಿ ಹೆಸರು ಹಿಡದು ಹೇಳ್ತಾರೇನ ಯಾರರ?” ಎಂದು ಕಿಟಕಿಯ ಕಡೆ ತಿರುಗಿದರು.

ಮಾತು ಸರಿಯೇ. ಅವರೂ ಒಂದು ದಿನವೂ ಅಕ್ಕಾರನ್ನು ಹೆಸರಿನಿಂದ ಕರೆದವರಲ್ಲ. “ಕೇಳಿಲ್ಲೇನ”, “ಇಲ್ಲಿ ಬಾ”, ಇಷ್ಟರಲ್ಲೇ ಅವರ ಸಂಸಾರ ನಡೆದಿತ್ತು. ಆದರೆ ಅದು ಮರ್ಯಾದೆಯೋ, ಮರೆವು ಮುಚ್ಚಿಕೊಳ್ಳುವ ಉಪಾಯವೋ? ತನ್ನ ಹೆಸರೇ ತನ್ನದೆಂದು ತಿಳಿಯದವರಿಗೆ ಹೆಂಡತಿಯ ಹೆಸರು ತಿಳಿದೀತೆ? ಅಕ್ಕಾರ ಮುಖದ ಮೇಲೆ ಇದೇ ಪ್ರಶ್ನೆ ಬ್ಯಾಡಗಿಯ ತನಕ ಇತ್ತು.

ಮರುದಿನ ಪಾಟಿಯ ಮೇಲೆ ‘ನೆಪದ ಹೊಟ್ಟಿಯೊಳಗ ನ’ ಎಂದಿತ್ತು. ಸಾಮಾನಿಗೆ ಬಂದ ಸಾಲಿ ಮಾಸ್ತರೊಬ್ಬರು ಉತ್ತರ ಹೇಳದೆ ತಕರಾರು ತೆಗೆದರು. “ಅಕ್ಕಾರ, ಇದು ಕೂಡೂದಿಲ್ಲ. ಕಡೀಕ ‘ಪು’ ಬೇಕು, ‘ಪ’ ಅಲ್ಲ.”

“ನಮ್ಮ ಬಾಯಾಗ ಪುನೂ ಇಲ್ಲ ಗಿನೂ ಇಲ್ಲರಿ ಸರ. ‘ನಿಮಗ ನೆನಪ ಐತೇನ್ರಿ’ ಅಂತನ ಕೇಳ್ತೇವಿ ನಾವು,” ಎಂದ ಅಕ್ಕಾರು ತಟ್ಟನೆ ಬಾಯಿ ಮುಚ್ಚಿಕೊಂಡರು. ಉತ್ತರವನ್ನು ತಾವೇ ಹೇಳಿಬಿಟ್ಟಿದ್ದರು. ನೆನಪ. ಆಟ ಶುರುವಾದಂದಿನಿಂದ ಅವರು ಮಾಡಿದ ಒಂದೇ ತಪ್ಪು ಅದು. ಪಾಟಿ ತೆಗೆದು ಸೆರಗಿನಿಂದ ಒರೆಸಿದರು. ಮಾಸ್ತರರು ತಾವು ವ್ಯಾಕರಣದಲ್ಲಿ ಗೆದ್ದೆವೆಂದೇ ತಿಳಿದು ಹೋದರು.

ಆಮೇಲೆ ಅಕ್ಕಾರು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು. ಗುಂಡಿ ಹಚ್ಚುವಾಗ, ಚಹಾ ಕುಡಿಯುವಾಗ, ಒಮ್ಮೆ ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ, ಬಗ್ಗಿ ಕಿವಿಯ ಹತ್ತಿರ. “ನಿನಗೇನ ಅನಸ್ತೈತಿ ತಂಗಿ? ಅವತ್ತ ಅವರಿಗೆ ಗೊತ್ತಿತ್ತೋ, ಇಲ್ಲೋ?”

“ಗೊತ್ತಿರ್ತೈತ್ರಿ ಅಕ್ಕಾರ. ಸಂಕೋಚ ಪಟ್ಟಾರ.”

“ಇನ್ನೊಮ್ಮೆ ಕೇಳ್ಲೇನ? ಮನ್ಯಾಗ, ಯಾರೂ ಇಲ್ಲದಾಗ?”

“ಕೇಳ್ರಿ ಮತ್ತ.”

“ಬ್ಯಾಡ ಬಿಡು,” ಎನ್ನುತ್ತಿದ್ದರು. “ಇಲ್ಲಾ ಅಂತ ಗೊತ್ತಾದ್ರ ಏನ ಮಾಡ್ಲಿ?” ಊರೆಲ್ಲವನ್ನೂ ದಿನವೂ ಪ್ರಶ್ನೆ ಕೇಳಿದ ಹೆಂಗಸು ಇದೊಂದನ್ನು ಮತ್ತೆ ಕೇಳಲಿಲ್ಲ. ಪಾಟಿ ಮಾತ್ರ ದಿನವೂ ಏರುತ್ತಿತ್ತು. ಕೆಲವು ದಿನ ಒಳಗಿನಿಂದ ದನಿ ಬರುತ್ತಿತ್ತು, ಕೆಲವು ದಿನ ಇಲ್ಲ. ಬಾರದ ದಿನ ಅಕ್ಕಾರು ಪಾಟಿಯನ್ನು ಸಂಜೆಯವರೆಗೂ ಇಳಿಸುತ್ತಿರಲಿಲ್ಲ.

ಅವರು ಹೆದರಿದ್ದೆಲ್ಲ ಕಾಕಾನಿಗಾಗಿ. ತಮ್ಮ ಎದೆನೋವನ್ನು ಯಾರಿಗೂ ಹೇಳಿರಲಿಲ್ಲ. ಈ ಸಲದ ಮೆಣಸಿನಕಾಯಿ ಸುಗ್ಗಿ ಮುಗಿಯುವ ಹೊತ್ತಿಗೆ, ಅಂಗಡಿ ತೆರೆಯಲು ಎದ್ದವರು ಕೀಲಿಕೈ ಹಿಡಿದುಕೊಂಡೇ ಕುಸಿದರು, ಮತ್ತೆ ಏಳಲಿಲ್ಲ. ಮಣ್ಣಿನ ದಿನ ಕಾಕಾ ಬಂದವರನ್ನೆಲ್ಲ “ಬರ್ರಿ, ಕುಂದ್ರಿ” ಎಂದು ಉಪಚರಿಸುತ್ತಿದ್ದರು. ಯಾರು ಹೋದರೆಂದು ಅವರಿಗೆ ತಿಳಿಯಲಿಲ್ಲ. ಹಾವೇರಿಗೆ ಕೊಟ್ಟಿದ್ದ ಮಗಳು ತಂದೆಯನ್ನು ತನ್ನ ಮನೆಗೆ ಕರೆದುಕೊಂಡು ಹೋದಳು.

ಹೋದ ವಾರ ಅವರನ್ನು ನೋಡಲು ಹಾವೇರಿಗೆ ಹೋಗಿದ್ದೆ. ಬಸ್ಸಿನ ತುಂಬ ನನಗೆ ಒಂದೇ ಚಿಂತೆ. ಅಕ್ಕಾರು ಎಲ್ಲಿ ಎಂದು ಕೇಳಿದರೆ ಏನು ಹೇಳಲಿ? ಬಾಗಿಲಲ್ಲೇ ಮಗಳು ತಗ್ಗಿದ ದನಿಯಲ್ಲಿ ಹೇಳಿದಳು, “ಅವ್ವ ತೀರಿಕೊಂಡಾಳ ಅಂತ ಹೇಳೇವ್ರಿ. ಹೇಳಿದಾಗೊಮ್ಮೆ ಅಳ್ತಾರ, ಮತ್ತ ಮರೀತಾರ. ಈಗ ಹೇಳೂದನ್ನ ಬಿಟ್ಟೇವಿ.”

ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ಇಸ್ತ್ರಿಯ ಅಂಗಿ, ಕಿಸೆಯಲ್ಲಿ ಪೆನ್ನು. ನನ್ನ ಗುರುತು ಹತ್ತಲಿಲ್ಲ. ಆದರೆ ನಾನು ಯಾವುದೋ ಕಚೇರಿಯವಳೆಂದು ತಿಳಿದರೋ ಏನೋ, ಎದ್ದು ನಿಂತು ಅವಸರದ ದನಿಯಲ್ಲಿ ಹೇಳಿದರು:

“ನಮ್ಮಾಕಿ ಸ್ಟ್ಯಾಂಡಿನ್ಯಾಗ ತಪ್ಪಿಸಿಕೊಂಡಾಳ್ರಿ. ಆಗಿಂದ ಹುಡುಕಾಕತ್ತೇನಿ. ಸ್ವಲ್ಪ ಮೈಕಿನ್ಯಾಗ ಕೂಗಸ್ರಿ.”

ಬಾಗಿಲಲ್ಲಿದ್ದ ಮಗಳು ಮುಖ ತಿರುಗಿಸಿಕೊಂಡಳು. ಏನಾದರೂ ಹೇಳಿ ಮಾತು ಮರೆಸಬೇಕಿತ್ತು, ನನ್ನ ಬಾಯಿಂದ ಬಂದದ್ದು ಅದಲ್ಲ. “ಏನಂತ ಕೂಗಸ್ಲಿರಿ ಕಾಕಾರ?”

ಅವರು ಅಂಗಿಯ ಸುಕ್ಕು ಎಳೆದು ಸರಿಮಾಡಿಕೊಂಡರು. ಗಂಟಲು ಸರಿಪಡಿಸಿಕೊಂಡು, ಓಣಿಗೆಲ್ಲ ಕೇಳುವ ಹಾಗೆ, ಅಕ್ಕಾರ ಹೆಸರು ಹೇಳಿದರು. ಮನೆಯವರು ಕರೆಯುವ ಅರ್ಧ ಹೆಸರಲ್ಲ, ತೊಟ್ಟಿಲಲ್ಲಿ ಇಟ್ಟ ಪೂರ್ತಿ ಹೆಸರು. ಬಾಗಿಲಲ್ಲಿ ಮಗಳು ಹೌದೆಂದು ತಲೆಯಾಡಿಸಿದಳು, ಒಂದಕ್ಷರವೂ ಆಚೀಚೆಯಾಗಿರಲಿಲ್ಲ.

“ಹೊಸರಿತ್ತಿ ಮಗಳು, ಬ್ಯಾಡಗಿ ಅರಸಪ್ಪನ ಹೇಣ್ತಿ. ಎಲ್ಲಿದ್ರೂ ಬರಬೇಕು ಅನ್ರಿ. ನಾ ಇಲ್ಲೇ ನಿಂತೇನಿ ಅಂತ ಹೇಳ್ರಿ.”

ಹೇಳಿ ಕಟ್ಟೆಯಿಂದ ಇಳಿದರು. ಯಾವ ಕಡೆಯಿಂದ ಬರುತ್ತಾರೆಂದು ಗೊತ್ತಿಲ್ಲವಲ್ಲ, ಓಣಿಯ ಈ ತುದಿ ಒಮ್ಮೆ, ಆ ತುದಿ ಒಮ್ಮೆ ನೋಡುತ್ತ ನಿಂತರು.